ಮಾತಿಗೆ ಉಪ್ಪು ಹಾಕಿಡುವ ಊರು

ಒಂದು ಇಡೀ ಸರ್ಕಾರವನ್ನು ಒದ್ದೆ ರುಮಾಲೊಂದರಿಂದ ಕೆಳಗಿಳಿಸಿದವನು ಈ ಭೂಮಿಯ ಮೇಲೆ ನಾನೊಬ್ಬನೇ. ಕಂಡವರು ಬೇಕಾದಷ್ಟು ಜನ ಇದ್ದರು. ಎಲ್ಲರೂ ಸತ್ತರು. ಇದ್ದಿದ್ದರೆ ಈಗಲೇ ಕರೆಸಿ ಸಾಕ್ಷಿ ಹೇಳಿಸುತ್ತಿದ್ದೆ. ಅವರು ಸತ್ತದ್ದು ನನ್ನ ತಪ್ಪಲ್ಲ.

ನಾನು ಹೀಗಂದದ್ದು ಬಸ್ಸು ನಿಲ್ಲುವ ಕಡೆಯ ಬೇವಿನ ಮರದ ಕೆಳಗೆ, ಅಲ್ಲಿ ಕೂತಿದ್ದ ನಾಲ್ಕಾರು ಹುಡುಗ ಹುಡುಗಿಯರಿಗೆ. ಅವರು ಯಾವುದೋ ದೊಡ್ಡ ಕಚೇರಿಗೆ ಹೋಗಿ ಸರ್ಕಾರಕ್ಕೆ ಸಲಹೆ ಕೊಟ್ಟು ಬಂದಿದ್ದರು. ಯುವಜನರ ಸಲಹೆ ಬೇಕು ಅಂತ ಸರ್ಕಾರವೇ ಕರೆಸಿತ್ತಂತೆ. ಸಲಹೆ ತಗೊಂಡು ಒಬ್ಬೊಬ್ಬರಿಗೂ ಒಂದೊಂದು ಪೊಟ್ಟಣ ಬಿಸ್ಕತ್ತು ಕೊಟ್ಟು ಕಳಿಸಿತ್ತು. ಮುಖಗಳು ನೋಡಿದರೆ ಸಾರಿಗೆ ಉಪ್ಪು ಮರೆತ ಹಾಗಿದ್ದವು.

"ಏನಂದ್ರು?" ಅಂದೆ.

"ಪರಿಶೀಲಿಸ್ತೀವಿ ಅಂದ್ರು ತಾತ," ಅಂದಳು ಕನ್ನಡಕದ ಹುಡುಗಿ.

"ಬಿಸ್ಕತ್ತು ಯಾವುದು, ಸಿಹೀನೋ ಉಪ್ಪೋ?"

"ಉಪ್ಪು," ಅಂದ ಪಕ್ಕದ ಗುಂಗುರು ಕೂದಲಿನ ಹುಡುಗ.

"ಹಾಗಾದರೆ ನೀವು ಪುಣ್ಯವಂತರು. ಬರೀ ಬಿಸ್ಕತ್ತಿಗೆ ಉಪ್ಪು ಹಾಕಿದ್ದಾರೆ. ನಾನು ಹುಟ್ಟಿದ ಊರಲ್ಲಿ ಹುಡುಗರ ಮಾತಿಗೇ ಉಪ್ಪು ಹಾಕಿಡುತ್ತಿದ್ದರು."

ಗುಂಗುರು ಕೂದಲಿನವನು ಸರಿದು ಜಾಗ ಕೊಟ್ಟ. ಜಾಗ ಕೊಟ್ಟವರಿಗೆ ಕಥೆ ಕೊಡದೆ ಏಳುವ ಪದ್ಧತಿ ನಮ್ಮ ವಂಶದಲ್ಲಿಲ್ಲ. ಕೂತೆ.

ಆ ಊರಿಗೆ ದಾರಿ ಕೇಳಬೇಡಿ. ನಾನು ಹೊರಟು ಬರುವಾಗ ಇದ್ದ ದಾರಿ, ತಿರುಗಿ ನೋಡಿದಾಗ ಇರಲಿಲ್ಲ. ಒಂದು ಬೆಟ್ಟ ಊರಿನ ಬೆನ್ನಿಗೆ ಮಲಗಿತ್ತು, ಇನ್ನೊಂದು ಬೆಟ್ಟ ಊರಿನ ಎದುರಿಗೆ ಕೂತಿತ್ತು. ನಡುವೆ ಒಂದು ಚಾವಡಿ. ಚಾವಡಿಯ ಮುಂದೆ ಒಂದು ಉದ್ದನೆಯ ಹಾಸುಗಲ್ಲು. ಹಾಸುಗಲ್ಲಿನ ಮುಂದೆ ಒಂದು ಬಾವಿ. ಕಲ್ಲಿನ ಮೇಲೆ ಹಿರಿಯರು ಕೂರುತ್ತಿದ್ದರು, ಬಾವಿಯಿಂದ ಊರು ಕುಡಿಯುತ್ತಿತ್ತು. ಆ ಹಿರಿಯರೇ ಸರ್ಕಾರ. ಅವರು ಕೆಮ್ಮಿದರೆ ಆಜ್ಞೆ, ಸೀನಿದರೆ ತಿದ್ದುಪಡಿ.

ಹುಡುಗರ ಮಾತನ್ನು ಆ ಊರಿನ ಸರ್ಕಾರ ಕೇಳಿದ ಹಾಗೆ ಬೇರೆ ಯಾವ ಸರ್ಕಾರವೂ ಕೇಳಿಲ್ಲ. ಒಂದು ಮಾತೂ ನೆಲಕ್ಕೆ ಬೀಳಬಾರದು, ಒಂದು ಮಾತೂ ಸುಳ್ಳಾಗಬಾರದು. ಆದರೆ ಹಸಿಯಾಗಿ ಕೇಳಬಾರದು. ಮಾವಿನಕಾಯಿಯನ್ನು ಮರದಿಂದ ಕಿತ್ತ ಗಳಿಗೆಯಲ್ಲೇ ತಿಂದರೆ ಹಲ್ಲು ಜುಮ್, ಹೊಟ್ಟೆ ಉರಿ. ಅದಕ್ಕೇ ಉಪ್ಪು ಹಾಕಿ, ಬಾಯಿ ಕಟ್ಟಿ, ಕತ್ತಲಲ್ಲಿ ಇಡಬೇಕು. ಹಿರಿಯರು ತಲೆದೂಗುತ್ತ ಹೇಳುತ್ತಿದ್ದರು: ಹಸಿಮಾತು ಹೊಟ್ಟೆನೋವು, ಮಾಗಿದ ಮಾತು ಮದ್ದು.

ವರ್ಷದ ಮೊದಲ ಗುಡುಗು ಗುಡುಗಿದ ಮಾರನೆಯ ದಿನ ಪ್ರಾಯಕ್ಕೆ ಬಂದ ಹುಡುಗ ಹುಡುಗಿಯರೆಲ್ಲ ಕೈಯಲ್ಲಿ ಒಂದೊಂದು ಮಣ್ಣಿನ ಕುಡಿಕೆ ಹಿಡಿದು ಚಾವಡಿಗೆ ಬರಬೇಕು. ಕುಡಿಕೆ ಹಸಿಯಿರುವಾಗಲೇ ಅದರ ಕಂಠಕ್ಕೆ ತಮ್ಮ ಹೆಬ್ಬೆರಳು ಒತ್ತಿರಬೇಕು. ಕುಡಿಕೆಯ ಬಾಯಿಗೆ ಬಾಯಿಟ್ಟು ಸರ್ಕಾರಕ್ಕೆ ಹೇಳಬೇಕಾದ ಸಲಹೆ ಹೇಳಬೇಕು. ಹೇಳಿ ಮುಗಿದ ತಕ್ಷಣ ಒಬ್ಬ ಹಿರಿಯ ಒಂದು ಚಿಟಿಕೆ ಉಪ್ಪು ಹಾಕುತ್ತಿದ್ದ, ಇನ್ನೊಬ್ಬ ಮುತ್ತುಗದ ಎಲೆ ಮುಚ್ಚುತ್ತಿದ್ದ, ಮತ್ತೊಬ್ಬ ಬಟ್ಟೆ ಕಟ್ಟಿ ಜೇಡಿಮಣ್ಣು ಮೆತ್ತುತ್ತಿದ್ದ. ಎಲ್ಲರೂ ಒಟ್ಟಿಗೆ ಅನ್ನುತ್ತಿದ್ದರು: ಹಸಿಮಾತು ಹೊಟ್ಟೆನೋವು, ಮಾಗಿದ ಮಾತು ಮದ್ದು. ಆಮೇಲೆ ಕುಡಿಕೆ ಚಾವಡಿಯ ಕೆಳಗಿನ ಹಗೇವಿಗೆ ಇಳಿಯುತ್ತಿತ್ತು. ಬೇರೆ ಊರಿನವರು ನೆಲದೊಳಗಿನ ಹಗೇವಿನಲ್ಲಿ ರಾಗಿ ತುಂಬುತ್ತಾರೆ. ನಮ್ಮೂರಿನವರು ಮಾತು ತುಂಬುತ್ತಿದ್ದರು.

"ತೆಗೀತಿದ್ದದ್ದು ಯಾವಾಗ?" ಅಂದ ಗುಂಗುರು ಕೂದಲಿನವನು.

ಮಾತು ಹೇಳಿದವನ ತಲೆಯಲ್ಲಿ ಮೊದಲ ನರೆ ಕಂಡಾಗ. ಅದಕ್ಕೆಂದೇ ಊರಿಗೊಬ್ಬ ಕ್ಷೌರದವನಿದ್ದ. ಸಂತೆಯ ದಿನ ಹಿತ್ತಾಳೆ ಬಟ್ಟಲು ಹಿಡಿದು ಮನೆಮನೆಗೆ ಬರುತ್ತಿದ್ದ, ತಲೆತಲೆಗೂ ಬೆರಳಾಡಿಸುತ್ತಿದ್ದ. ಬಿಳಿ ಎಳೆಯೊಂದು ಸಿಕ್ಕಿತೋ, ಬಟ್ಟಲಿಗೆ ಕತ್ತಿಯ ಹಿಡಿಯಿಂದ ಠಣ್ ಅಂತ ಹೊಡೆಯುತ್ತಿದ್ದ. ಬಟ್ಟಲು ಒಮ್ಮೆ ಸದ್ದು ಮಾಡಿತೆಂದರೆ ಬ್ರಹ್ಮ ಬಂದರೂ ತಡೆಯುವ ಹಾಗಿಲ್ಲ. ಕುಡಿಕೆ ಮೇಲೆ ಬರಬೇಕು, ಹೆಬ್ಬೆರಳು ಕೂರಿಸಿ ನೋಡಬೇಕು, ಬಾಯಿ ಒಡೆಯಬೇಕು. ಒಡೆದರೆ ಒಳಗಿನಿಂದ ಅದೇ ಎಳೆಯ ಗಂಟಲು, ಅದೇ ಹಳೆಯ ಮಾತು, ನಿನ್ನೆ ಹೇಳಿದಷ್ಟು ಹಸನಾಗಿ. ಅದನ್ನು ಸರ್ಕಾರ ಅಂದೇ ನಡೆಸಿಕೊಡಬೇಕು. ಒಂದಕ್ಷರ ಆಚೀಚೆ ಆಗುವಂತಿಲ್ಲ. ಹೇಳಿದವರೇ ಬೇಡವೆಂದರೂ ಆಗುವಂತಿಲ್ಲ.

ಒಂದು ಸಲ ಒಬ್ಬ ಅಜ್ಜಿಯ ಕುಡಿಕೆ ಒಡೆದರು. "ನಮ್ಮ ವಯಸ್ಸಿನವರಿಗೆ ಕಬ್ಬು ಸಾಲದು, ಗಾಡಿಗಟ್ಟಲೆ ತರಿಸಿ!" ಅಂತ ಕೂಗಿತು ಕುಡಿಕೆ. ಸಂಜೆಯೊಳಗೆ ಗಾಡಿಗಳು ಬಂದವು. ಅಜ್ಜಿಯನ್ನು ಮಣೆ ಹಾಕಿ ಕೂರಿಸಿದರು.

"ಅಗಿಯಿರಿ ತಾಯಿ," ಅಂದರು ಹಿರಿಯರು.

"ಹಲ್ಲಿಲ್ಲವಲ್ರಪ್ಪಾ."

"ಅದು ನಿಮ್ಮ ಸ್ವಂತ ವಿಷಯ. ಇದು ನಿಮ್ಮ ಪೀಳಿಗೆಯ ಬೇಡಿಕೆ."

ಇನ್ನೊಂದು ಸಲ ಮೇಲಿನ ಬೀದಿಯ ಮುದುಕನಿಗೂ ಕೆಳಗಿನ ಬೀದಿಯ ಮುದುಕಿಗೂ ಒಂದೇ ಸಂತೆಯಲ್ಲಿ ಬಟ್ಟಲು ಸದ್ದು ಮಾಡಿತು. ಎರಡು ಕುಡಿಕೆ ಒಡೆದರೆ ಎರಡರಲ್ಲೂ ಒಂದೇ ಮಾತು: "ಬೀದಿ ಬೇರೆ ಅಂತ ನಮ್ಮ ಮದುವೆ ತಡೀಬೇಡಿ." ಇಬ್ಬರೂ ಬೇರೆ ಬೇರೆ ಕಡೆ ಸಂಸಾರ ಮಾಡಿ, ಜೋಡಿ ಕಳಕೊಂಡು, ಮೊಮ್ಮಕ್ಕಳ ಮೂಗು ಒರೆಸುತ್ತಿದ್ದವರು. ಹಿರಿಯರು ಓಲಗದವರನ್ನು ಕರೆಸಿದರು.

"ಇವನಾ? ಇವನಿಗೆ ಆಗ ತಲೆತುಂಬ ಕೂದಲಿತ್ತು," ಅಂದಳು ಮುದುಕಿ. ಈಗ ಅವನ ಕಿವಿಯ ಪಕ್ಕ ಎರಡೆಳೆ ಮಾತ್ರ ಉಳಿದಿತ್ತು. ಕ್ಷೌರದವನಿಗೆ ಅಷ್ಟೇ ಸಾಕಾಗಿತ್ತು.

"ಇವಳಿಗೆ ಆಗ ಕಿವಿ ಕೇಳಿಸ್ತಿತ್ತು," ಅಂದ ಮುದುಕ.

"ಏನಂದೆ?" ಅಂದಳು ಅವಳು.

ಹಾರ ಹಾಕಿಸಿದರು. ಹಾರ ಹಾಕುವಾಗ ಮೇಲಿನ ಬೀದಿಯ ಒಬ್ಬ ಹುಡುಗ ಕೆಳಗಿನ ಬೀದಿಯ ಒಬ್ಬ ಹುಡುಗಿಯನ್ನು ನೋಡಿ ನಕ್ಕ. ಮುಂದಿನ ಗುಡುಗಿಗೆ ಆ ಇಬ್ಬರೂ ಹೋಗಿ ಅದೇ ಸಲಹೆಯನ್ನು ಎರಡು ಹೊಸ ಕುಡಿಕೆಗಳಿಗೆ ಹೇಳಿ ಬಂದರು.

ನನ್ನ ಮಾತಿಗೆ ಹುಡುಗರೆಲ್ಲ ನಕ್ಕರು. ಕನ್ನಡಕದ ಹುಡುಗಿ ನಗಲಿಲ್ಲ. "ಯಾರೂ ಎದುರಾಡ್ಲಿಲ್ವಾ ತಾತ?"

"ಎದುರಾಡಿದರೆ, 'ಒಳ್ಳೇ ಸಲಹೆ, ಕುಡಿಕೆ ತಗೊಂಡು ಬಾ' ಅನ್ನುತ್ತಿದ್ದರಲ್ಲ ಮಗಳೇ."

ಹಾಸುಗಲ್ಲಿನ ನಟ್ಟನಡುವೆ ದೊಡ್ಡಹಿರಿಯ ಕೂರುತ್ತಿದ್ದ. ಅವನ ಪಕ್ಕದವರೆಲ್ಲ ಹತ್ತಿಯ ಹೊಲದ ಹಾಗೆ ಬೆಳ್ಳಗಾಗಿದ್ದರು. ಅವರ ಕುಡಿಕೆಗಳು ಎಂದೋ ಒಡೆದು, ಅವರ ಬೇಡಿಕೆಯ ಗಾಳಿಪಟ, ಉಯ್ಯಾಲೆಗಳೆಲ್ಲ ನೆರವೇರಿ ಆಗಿತ್ತು. ದೊಡ್ಡಹಿರಿಯನ ಕುಡಿಕೆ ಮಾತ್ರ ಒಡೆದಿರಲಿಲ್ಲ. ಎಲ್ಲರಿಗಿಂತ ಹಳಬ, ಆದರೂ ಅವನ ತಲೆ ಕಾಗೆಯ ಬೆನ್ನು. ದೇವರು ಅವನ ತಲೆಯನ್ನು ಮರೆತಿದ್ದಾನೆ ಅಂತ ಊರು ಕೈಮುಗಿಯುತ್ತಿತ್ತು. ಹಗಲೆಲ್ಲ ರುಮಾಲು ಸುತ್ತಿರುತ್ತಿದ್ದ. ಸಂತೆಯ ದಿನ ಕ್ಷೌರದವನೊಬ್ಬನೇ ಅವನ ಮನೆಯೊಳಗೆ ಹೋಗಿ, ಬಾಗಿಲು ಹಾಕಿಕೊಂಡು ನೋಡಿ, ಹೊರಗೆ ಬಂದು "ಕಪ್ಪು" ಅನ್ನುತ್ತಿದ್ದ. ಊರು "ಆಹಾ" ಅನ್ನುತ್ತಿತ್ತು.

ಹೀಗಿರುವಾಗ ಬಾವಿಯ ಪಕ್ಕದ ಮನೆಯ ಅಜ್ಜಿಗೆ ನರೆ ಬಂತು. ತಡವಾಗಿಯೇ ಬಂತು, ಅವರ ಮನೆತನದ ಕೂದಲು ಹಾಗೆ. ಬಟ್ಟಲು ಸದ್ದು ಮಾಡಿತು. ಕುಡಿಕೆ ಬಂತು. ಹೆಬ್ಬೆರಳು ಕೂತಿತು. ಬಾಯಿ ಒಡೆದರು.

"ಈ ಬಾವಿ ಹಾಳಾಗಿ ಹೋಗಲಿ! ಸೇದಿ ಸೇದಿ ಕೈಯೆಲ್ಲ ಬೊಬ್ಬೆ! ಮುಚ್ಚಿಸಿ ಇದನ್ನ! ಕಲ್ಲು ಹಾಕಿ, ಮಣ್ಣು ಹಾಕಿ, ಮುಚ್ಚಿಸಿ!"

ಅಷ್ಟು ಹೇಳಿ ಕುಡಿಕೆ ಒಮ್ಮೆ ಬಿಕ್ಕಿ ಸುಮ್ಮನಾಯಿತು.

ಅಜ್ಜಿ ಹಾಸುಗಲ್ಲಿನ ಮುಂದೆ ಅಡ್ಡಬಿದ್ದಳು. "ಅಯ್ಯೋ ನನ್ನಪ್ಪಗಳಾ, ಅವತ್ತು ಅವ್ವ ಒಂದೇ ಸಮ ನೀರಿಗೆ ಅಟ್ಟಿದ್ಲು. ಸಿಟ್ಟಿಗೆ ಅಂದುಬಿಟ್ಟೆ. ಅದನ್ನ ನಡೆಸ್ತೀರಾ?"

ದೊಡ್ಡಹಿರಿಯ ಮೃದುವಾಗಿ ಹೇಳಿದ: "ಅಜ್ಜೀ, ಇದು ಯುವಜನರ ವಿಷಯ. ವಯಸ್ಸಾದವರು ನೀವು ಇದರಲ್ಲಿ ಬಾಯಿ ಹಾಕಬಾರದು."

ಬಾವಿ ಮುಚ್ಚುವುದು ಒಂದು ಸಂಜೆಯ ಕೆಲಸವಲ್ಲ. ಅದನ್ನು ಮುಂದಿನ ಸಂತೆಯ ದಿನಕ್ಕೆ ಇಟ್ಟುಕೊಂಡರು. ಅಂದಿನಿಂದಲೇ ಬಾವಿಯ ಸುತ್ತ ಕಲ್ಲು ಮಣ್ಣು ರಾಶಿ ಬೀಳತೊಡಗಿತು. ಬಾವಿ ಬಿಟ್ಟರೆ ನೀರಿದ್ದದ್ದು ಎದುರು ಬೆಟ್ಟದ ಆಚೆ, ಒಂದು ಗುಂಡಿಯಲ್ಲಿ. ಅದೂ ಉಪ್ಪುನೀರು. ಹಿರಿಯರು ಅಂದರು: "ನಮಗೇನು, ದಿನಕ್ಕೆ ಒಂದು ಲೋಟ ಸಾಕು."

ಕುಂಬಾರರ ಮನೆಗೆ ಒಂದು ಲೋಟ ಸಾಲುವುದೆಲ್ಲಿ? ಮಣ್ಣು ಕಲಸಬೇಕು, ತಿಗರಿ ತಿರುಗಿಸಬೇಕು. ಮಾತಿನ ಕುಡಿಕೆಗಳನ್ನೆಲ್ಲ ಮಾಡುತ್ತಿದ್ದದ್ದು ಅವರೇ. ಕುಂಬಾರ ತಿಗರಿಯನ್ನು ಹುಲ್ಲಿನಲ್ಲಿ ಸುತ್ತಿ ಗಾಡಿಗೆ ಏರಿಸಿಬಿಟ್ಟ. ಬಾವಿ ಮುಚ್ಚಿದ ದಿನವೇ ಊರು ಬಿಡುವುದೆಂದು ಗಟ್ಟಿ ಮಾಡಿಕೊಂಡ. ಅವನಿಗೊಬ್ಬಳು ಮಗಳಿದ್ದಳು. ಆಗ ನನಗೆ ಮೀಸೆ ಬರಲೋ ಬೇಡವೋ ಅಂತ ಯೋಚಿಸುತ್ತಿತ್ತು. ಅದು ಬಂದಿದೆ ಅಂತ ಊರಲ್ಲಿ ಕಂಡುಹಿಡಿದವಳು ಅವಳೊಬ್ಬಳೇ. ಅಂಥವಳು ಹೋದ ಮೇಲೆ ಮೀಸೆ ಇಟ್ಟುಕೊಂಡು ನಾನು ಏನು ಮಾಡಲಿ?

ಹುಡುಗರೆಲ್ಲ ಸೇರಿ ಚಾವಡಿಗೆ ಹೋದೆವು. ಮುಂದೆ ನಾನು. ಸಿಂಹ ಹೋದ ಹಾಗೆ ಹೋದೆ.

"ಬಾವಿ ಮುಚ್ಚಬೇಡಿ," ಅಂದೆ.

ಹಿರಿಯರ ಮುಖ ಹೂವಾಯಿತು. "ನೋಡ್ರಪ್ಪಾ, ಎಂಥ ಸಲಹೆ! ಎಷ್ಟು ಜವಾಬ್ದಾರಿ! ಯಾರಲ್ಲಿ, ಕುಡಿಕೆ ತನ್ನಿ."

"ಕುಡಿಕೆ ಒಡೆಯೋ ಹೊತ್ತಿಗೆ ಬಾವೀನೇ ಇರಲ್ಲ," ಅಂದಳು ಕುಂಬಾರರ ಹುಡುಗಿ.

"ಅದಕ್ಯಾಕೆ ಚಿಂತೆ ಮಗಳೇ? ಒಡೆದ ದಿನ ಮತ್ತೆ ತೋಡಿಸ್ತೀವಿ. ನಿಮ್ಮ ಮಾತು ವ್ಯರ್ಥ ಆಗೋಕೆ ಬಿಡ್ತೀವಾ?"

"ಅಲ್ಲೀತನಕ ಏನು ಕುಡಿಯೋದು?"

"ಅದೂ ಒಳ್ಳೇ ಪ್ರಶ್ನೆ," ಅಂದ ದೊಡ್ಡಹಿರಿಯ. "ಅದಕ್ಕೂ ಒಂದು ಕುಡಿಕೆ ತನ್ನಿ."

ಉಪ್ಪಿನ ಹಿರಿಯ ಆಗಲೇ ಚಿಟಿಕೆ ಹಿಡಿದು ಕೂತಿದ್ದ. ಎಲೆಯ ಹಿರಿಯ ಎಲೆ ಒರೆಸುತ್ತಿದ್ದ. ಎಲ್ಲರೂ ತಲೆದೂಗಿದರು: ಹಸಿಮಾತು ಹೊಟ್ಟೆನೋವು, ಮಾಗಿದ ಮಾತು ಮದ್ದು. ನಾವು ಕುಡಿಕೆ ಮುಟ್ಟದೆ ಬಂದೆವು.

ಸಂತೆಗೆ ಹಿಂದಿನ ದಿನ ಕುಂಬಾರರ ಹುಡುಗಿ ಬಾವಿಯ ಕಟ್ಟೆಯ ಮೇಲೆ ಕೂತು ಒಳಗೆ ಬಗ್ಗಿ ನೋಡುತ್ತಿದ್ದಳು. ಹಾರಿಬಿಡುತ್ತಾಳೇನೋ ಅಂತ ನಾನು ಓಡಿದೆ.

"ಹಾರೋಕೆ ನನಗೇನು ಹುಚ್ಚಾ?" ಅಂದಳು. "ನೋಡು ಇದನ್ನ. ಬಾಯಿ ಇದೆಯಾ?"

"ಇದೆ."

"ಕಂಠ ಇದೆಯಾ?"

"ಇದೆ."

"ಹೊಟ್ಟೆ?"

"ಇದೆ."

"ಬಾಯಿ, ಕಂಠ, ಹೊಟ್ಟೆ ಇರೋದಕ್ಕೆ ನಮ್ಮ ಮನೇಲಿ ಕುಡಿಕೆ ಅಂತಾರೆ. ದಡ್ಡರ ಹಾಗೆ ನಿಂತ್ಕೋಬೇಡ, ಎಲ್ಲರನ್ನೂ ಕರಿ."

"ಅವಳಿಗೆ ಹೊಳೀತಾ? ಹಾಗಾದ್ರೆ ಮಾಡಿದ್ದು ನೀವೊಬ್ರೇ ಹೇಗೆ?" ಅಂದಳು ಕನ್ನಡಕದ ಹುಡುಗಿ.

"ಹೊಳೆಯುವುದು ಯಾರಿಗೆ ಬೇಕಾದರೂ ಹೊಳೆಯುತ್ತದೆ ಕಣವ್ವಾ. ಮುಂದೆ ಕೇಳು."

ಸಂತೆಯ ದಿನ ಬಿಸಿಲು ನೆತ್ತಿಗೆ ಬಂದಿತ್ತು. ತಮಟೆ ಬಡಿಯುತ್ತಿತ್ತು. ಹಿರಿಯರು ಸಾಲಾಗಿ ಹಾಸುಗಲ್ಲಿನಿಂದ ಎದ್ದು ಬಾವಿಯ ಕಡೆ ಬಂದರು. ಮೊದಲ ಕಲ್ಲು ದೊಡ್ಡಹಿರಿಯನದು. ಕುಂಕುಮ ಹಚ್ಚಿದ ಆ ಕಲ್ಲನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದ. ಕಟ್ಟೆಯ ಸುತ್ತ ನಾವು ಒಬ್ಬರ ಪಕ್ಕ ಒಬ್ಬರು ನಿಂತಿದ್ದೆವು, ಬಳೆಯ ಹಾಗೆ.

"ಸರೀರಪ್ಪಾ, ಸರೀರಿ," ಅಂದ.

"ಸಲಹೆ ಕೊಡ್ತೀವಿ," ಅಂದಳು ಕುಂಬಾರರ ಹುಡುಗಿ. "ನಿಯಮ ಮೀರಲ್ಲ. ಕುಡಿಕೆಗೇ ಹೇಳ್ತೀವಿ."

"ಸಂತೋಷ. ಕುಡಿಕೆ ಎಲ್ಲಿ?"

"ಇದೇ," ಅಂದವಳು ಬಗ್ಗಿದಳು. ನಾವೆಲ್ಲ ಬಗ್ಗಿದೆವು. ಬಾವಿಯ ಬಾಯಿಗೆ ಬಾಯಿಟ್ಟು ಒಟ್ಟಿಗೆ ಕೂಗಿದೆವು: "ಮುಚ್ಚಬೇಡಿ!"

ಬಾವಿ ಒಂದು ಗಳಿಗೆ ಯೋಚಿಸಿತು. ಆಮೇಲೆ ಹೊಟ್ಟೆಯಾಳದಿಂದ ಎತ್ತಿ ಹೇಳಿತು: "ಮುಚ್ಚಬೇಡೀ… ಬೇಡೀ… ಬೇಡೀ…" ತಮಟೆ ನಿಂತಿತು. ಹಿಂದಿನ ಬೆಟ್ಟ "ಬೇಡೀ" ಅಂದಿತು, ಎದುರಿನ ಬೆಟ್ಟವೂ "ಬೇಡೀ" ಅಂದಿತು. ಕಲ್ಲು ಹೊರುತ್ತಿದ್ದವರು ಹೊತ್ತ ಕಲ್ಲನ್ನು ಇಳಿಸಲೂ ಆಗದೆ ಹೊರಲೂ ಆಗದೆ ನಿಂತರು.

"ಕುಡಿಕೆ ಒಡೀತು! ಮಾತು ಹೊರಗೆ ಬಂತು! ನಡೆಸಬೇಕು!" ಅಂತ ನಾನು ಕೂಗಿದೆ. ಆ ಕೂಗಿಗೆ ಮೂರು ಎಮ್ಮೆ ಹಗ್ಗ ಕಿತ್ತುಕೊಂಡು ಹೋದವು.

ಹಿರಿಯರು ಗುಂಪುಕಟ್ಟಿ ಪಿಸುಗುಟ್ಟಿದರು. ಕುಡಿಕೆಯಿಂದ ಬಂದ ಮಾತನ್ನು ನಡೆಸದೆ ಬಿಟ್ಟ ಉದಾಹರಣೆ ಊರಲ್ಲೇ ಇರಲಿಲ್ಲ. ಉಪ್ಪಿನ ಹಿರಿಯ ಮೊದಲು ಗಂಟಲು ಸರಿಮಾಡಿಕೊಂಡ. "ಕುಡಿಕೆಯ ಕಂಠಕ್ಕೆ ಹೆಬ್ಬೆರಳ ಗುರುತಿರಬೇಕಲ್ಲ?"

ಬಾವಿಯ ಕಟ್ಟೆಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಸವೆದ ಗೀರುಗಳಿದ್ದವು. ಕುಂಬಾರರ ಹುಡುಗಿ ತನ್ನ ಹೆಬ್ಬೆರಳನ್ನು ಒಂದರಲ್ಲಿಟ್ಟಳು. ಕೂತಿತು. ನಾನಿಟ್ಟೆ, ಕೂತಿತು. ಉಪ್ಪಿನ ಹಿರಿಯ ತನ್ನದನ್ನೂ ಇಟ್ಟು ನೋಡಿ, "ಅರೆ, ನನ್ನದೂ ಕೂರುತ್ತೆ!" ಅಂತ ಮಗುವಿನ ಹಾಗೆ ನಕ್ಕುಬಿಟ್ಟ. ದೊಡ್ಡಹಿರಿಯ ಅವನನ್ನು ಕಣ್ಣಲ್ಲೇ ಸುಟ್ಟ.

"ನರೆ?" ಅಂದ ದೊಡ್ಡಹಿರಿಯ. "ನರೆ ಬರದೆ ಕುಡಿಕೆ ಒಡೆಯುವಂತಿಲ್ಲ. ನಿಮಗಂತೂ ಬಂದಿಲ್ಲ, ಬಾವಿಗೆ ನರೆ ಬಂದಿದೆಯೇನು?"

ಎಲ್ಲರೂ ಕ್ಷೌರದವನ ಕಡೆ ತಿರುಗಿದರು. ಅವನು ಜನ್ಮದಲ್ಲಿ ಬಾವಿಯ ತಲೆ ನೋಡಿದವನಲ್ಲ. ಬಾವಿಗೆ ತಲೆ ಯಾವ ಕಡೆ ಅಂತಲೂ ಅವನಿಗೆ ಗೊತ್ತಿರಲಿಲ್ಲ. ಆದರೆ ಕೆಲಸ ಕೆಲಸವೇ. ನಾನು ಹಗ್ಗ ಕಟ್ಟಿಕೊಂಡು, ಅವನನ್ನು ಬೆನ್ನ ಮೇಲೆ ಹೊತ್ತು, ಬಾವಿಯೊಳಕ್ಕೆ ಇಳಿದೆ. ಆ ಬಾವಿಯ ಆಳ ಎಷ್ಟೆಂದರೆ, ಇಳಿಯುವಾಗ ಚಿಗುರುತ್ತಿದ್ದ ನನ್ನ ಮೀಸೆ ಕೆಳಗೆ ಮುಟ್ಟುವ ಹೊತ್ತಿಗೆ ತಿರುವುವಷ್ಟಾಗಿತ್ತು. ಗೋಡೆಯ ಬಿರುಕಿನಲ್ಲಿ ಒಂದು ಅರಳಿಯ ಗಿಡ ಹುಟ್ಟಿತ್ತು. ಅದರ ಬೇರುಗಳು ನೀರಿನವರೆಗೆ ಇಳಿಬಿದ್ದಿದ್ದವು, ಎಳೆಎಳೆಯಾಗಿ, ಬೆಳ್ಳಗೆ.

ಕ್ಷೌರದವನು ಅಭ್ಯಾಸಬಲದಿಂದ ಅವುಗಳೊಳಗೆ ಬೆರಳಾಡಿಸಿದ. "ಅಯ್ಯಪ್ಪಾ, ಇಡೀ ತಲೆ ನರೆತುಹೋಗಿದೆ," ಅಂದ.

"ಕೂಗಿ ಹೇಳು," ಅಂದೆ.

"ನರೆ ಇದೆ!" ಅಂದ. ಬಾವಿಯೂ "ಇದೆ, ಇದೆ" ಅಂದಿತು.

"ಅದು ಬೇರು! ಬೇರನ್ನು ಕೂದಲು ಅಂತೀಯಾ?" ಮೇಲಿನಿಂದ ದೊಡ್ಡಹಿರಿಯ ಗದರಿದ.

"ನೀವೇ ನೋಡಿ ಬುದ್ಧೀ," ಅಂದ ಕ್ಷೌರದವನು.

ದೊಡ್ಡಹಿರಿಯ ಕುಂಕುಮದ ಕಲ್ಲನ್ನು ಕೆಳಗಿಟ್ಟು ಬಾವಿಯೊಳಗೆ ಬಗ್ಗಿದ. ಇನ್ನೂ ಸ್ವಲ್ಪ ಬಗ್ಗಿದ. ರುಮಾಲು ಜಾರಿತು. ಒಂದು ದೊಡ್ಡ ಹಕ್ಕಿ ಇಳಿದ ಹಾಗೆ ಇಳಿದು ನೀರಿಗೆ ಬಿತ್ತು. ಮೇಲೆ ಅವನ ಬರಿದಲೆ ಕಾಣಿಸಿತು, ಹೇಳಿದಂತೆಯೇ ಕಾಗೆಯ ಬೆನ್ನು. ಊರು "ಆಹಾ" ಅಂದಿತು.

ಇಲ್ಲಿಂದ ಮುಂದೆ ನಾನು ಮಾಡಿದ್ದು ಬರೀ ಮರ್ಯಾದೆ. ಹಿರಿಯರ ರುಮಾಲು ನೀರಲ್ಲಿ ಬಿದ್ದಿರುವಾಗ ಬಿಟ್ಟು ಬರಲು ನಾನೇನು ತಂದೆತಾಯಿ ಇಲ್ಲದವನೇ? ಎತ್ತಿಕೊಂಡೆ. ಬೆನ್ನ ಮೇಲೆ ಕ್ಷೌರದವನು, ಹಲ್ಲಿನಲ್ಲಿ ರುಮಾಲು, ಹಾಗೇ ಹತ್ತಿ ಬಂದೆ. ಹಿಂಡಲು ಕೈ ಖಾಲಿ ಇರಲಿಲ್ಲ. ಮೇಲೆ ಬಂದವನೇ ಎರಡು ಕೈಯಲ್ಲೂ ಹಿಡಿದು, ತಲೆಬಾಗಿ, "ತಗೊಳ್ಳಿ ಬುದ್ಧೀ" ಅಂತ ಅವನ ತಲೆಯ ಮೇಲೆ ನಾನೇ ಇಟ್ಟೆ. ಭದ್ರವಾಗಿ ಕೂರಲಿ ಅಂತ ಒಂದು ಸಲ ಒತ್ತಿದೆ.

ನೀರು ಇಳಿಯಿತು. ಹಣೆಯ ಮೇಲೆ ಒಂದು ಕಪ್ಪು ಗೆರೆ ಇಳಿಯಿತು. ಆಮೇಲೆ ಎರಡು, ಆಮೇಲೆ ಲೆಕ್ಕವಿಲ್ಲ. ಹುಬ್ಬು ಕಪ್ಪಾಯಿತು, ಮೂಗು ಕಪ್ಪಾಯಿತು, ಬಿಳಿ ಅಂಗಿಯ ಮೇಲೆ ದೀಪದ ಮಸಿಯೆಲ್ಲ ಹರಿದು ನಕ್ಷೆ ಬರೆಯಿತು. ಅವನು ಗಾಬರಿಯಿಂದ ರುಮಾಲು ಕಿತ್ತ. ಅದರ ಕೆಳಗಿದ್ದ ತಲೆ, ನಮ್ಮ ಬಾವಿಯ ಅಜ್ಜಿಯ ತಲೆಗಿಂತ ಬೆಳ್ಳಗಿತ್ತು.

ಕ್ಷೌರದವನು ಬಟ್ಟಲನ್ನು ಬೆನ್ನ ಹಿಂದೆ ಬಚ್ಚಿಡಲು ಹೋದ. ಬಟ್ಟಲನ್ನು ಅವನು ಹೊಡೆಯಲಿಲ್ಲ, ಅವನಾಣೆಗೂ ಹೊಡೆಯಲಿಲ್ಲ. ಅದು ಜಾರಿತು. ಕಟ್ಟೆಕಲ್ಲಿಗೆ ಬಿತ್ತು. ಠಣ್!

ಬಟ್ಟಲು ಸದ್ದು ಮಾಡಿದ ಮೇಲೆ ಯಾರು ಏನು ಮಾಡಲಾದೀತು? ಹಗೇವಿನ ಅತಿ ಕೆಳಗಿನ ಮೂಲೆಯಿಂದ, ಜೇಡರಬಲೆ ಮೆತ್ತಿದ ಒಂದು ಪುಟ್ಟ ಕುಡಿಕೆ ಬಂತು. ದೊಡ್ಡಹಿರಿಯನ ಹೆಬ್ಬೆರಳನ್ನು ಇಬ್ಬರು ಹಿರಿಯರು ಹಿಡಿದು ಕೂರಿಸಿದರು. ಕೂತಿತು. ಜೇಡಿಮಣ್ಣು ಒಡೆದರು, ಬಟ್ಟೆ ಬಿಚ್ಚಿದರು, ಎಲೆ ತೆಗೆದರು.

ಒಳಗಿನಿಂದ ಗಂಟಲು ಒಡೆಯುತ್ತಿದ್ದ ಹುಡುಗನ ಸ್ವರ ಬಂತು. ಒಮ್ಮೆ ದಪ್ಪ, ಒಮ್ಮೆ ಕೀರಲು.

"ನರೆತವರು ಕಲ್ಲಿನಿಂದ ಇಳೀಲಿ! ಇಳಿದು ನಮಗೆ ಜಾಗ ಬಿಡಲಿ! ನಾವು ಸಾಯೋ ಹೊತ್ತಿಗೆ ನಮ್ಮ ಮಾತು ಕೇಳೋ ಸರ್ಕಾರ ನಮಗೆ ಬೇಡ. ಇವತ್ತಿನ ಮಾತು ಇವತ್ತೇ ಕೇಳ್ರೀ! ಕೇಳದಿದ್ರೆ… ಕೇಳದಿದ್ರೆ ನಾನು ಇಲ್ಲೇ ಕೂತಿರ್ತೀನಿ, ಊಟಾನೂ ಮಾಡಲ್ಲ!"

ಕುಡಿಕೆ ಖಾಲಿಯಾಯಿತು. ಮಸಿ ಮೆತ್ತಿದ ಮುಖದಲ್ಲಿ ದೊಡ್ಡಹಿರಿಯನ ಕಣ್ಣುಗಳು ಮಾತ್ರ ಬೆಳ್ಳಗೆ ಕಾಣುತ್ತಿದ್ದವು. ಕುಡಿಕೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ, ಇನ್ನೂ ಒಂದಿಷ್ಟು ಉಳಿದಿದೆಯೋ ಏನೋ ಅಂತ.

"ಎಷ್ಟು ಚೆಂದ ಮಾತಾಡ್ತಿದ್ದೆ ಕಣ್ರೋ ನಾನು," ಅಂದ.

ಯಾರೂ ನಗಲಿಲ್ಲ. ನಾನೂ ನಗಲಿಲ್ಲ, ಬೇಕಾದರೆ ಆಣೆ ಇಡುತ್ತೇನೆ.

ಮಾತು ಮಾತೇ. ಒಂದಕ್ಷರ ಆಚೀಚೆ ಆಗುವಂತಿಲ್ಲ. ಹಿರಿಯರು ಹಾಸುಗಲ್ಲಿನ ಮೇಲಿದ್ದ ತಮ್ಮ ತಮ್ಮ ಎಲೆಯಡಿಕೆ ಚೀಲ ಎತ್ತಿಕೊಂಡು, ಊರುಗೋಲು ಎತ್ತಿಕೊಂಡು, ಕೆಳಗೆ ನೆಲದಲ್ಲಿ ಸಾಲಾಗಿ ಕೂತರು. ಉಪ್ಪಿನ ಹಿರಿಯನಿಗೆ ಬೆರಳಲ್ಲಿದ್ದ ಉಪ್ಪನ್ನು ಏನು ಮಾಡಬೇಕೆಂದು ತೋಚಲಿಲ್ಲ. ನೆಕ್ಕಿಕೊಂಡ. ನಾವು ಕಲ್ಲು ಹತ್ತಿದೆವು. ಹತ್ತಿದ ಮೇಲೆ ಏನು ಮಾಡಬೇಕೆಂದು ನಮಗೂ ಗೊತ್ತಿರಲಿಲ್ಲ. ಕೆಮ್ಮಿ ನೋಡಿದೆವು. ಕುಂಬಾರರ ಹುಡುಗಿ ಮಾತ್ರ ಕೂರಲಿಲ್ಲ. ನಿಂತೇ ಹೇಳಿದಳು: "ಬಾವಿ ಮುಚ್ಚೋದಿಲ್ಲ. ಕಲ್ಲು ವಾಪಸ್ ಹೊರ್ರಿ. ಅಪ್ಪಾ, ತಿಗರಿ ಇಳಿಸು."

ಕುಂಬಾರ ಗಾಡಿಯ ಹಗ್ಗ ಬಿಚ್ಚಿದ. ತಿಗರಿಯ ಸುತ್ತಿದ್ದ ಹುಲ್ಲನ್ನು ಎತ್ತುಗಳಿಗೆ ಹಾಕಿದ.

ಬಾವಿಯ ಅಜ್ಜಿ ಸಂತೋಷಕ್ಕೆ ತಾನೇ ಬಂದು ಒಂದು ಕೊಡ ನೀರು ಸೇದಿದಳು. ಸೇದಿ, ಅಂಗೈ ನೋಡಿಕೊಂಡಳು. ಮುಖ ಸಿಂಡರಿಸಿದಳು. ಬಾಯಿ ತೆರೆದಳು. ಅಷ್ಟರಲ್ಲಿ ಕುಂಬಾರರ ಹುಡುಗಿ ಓಡಿ ಬಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. "ಬೇಡಜ್ಜೀ, ಏನೂ ಹೇಳ್ಬೇಡ. ನಾನು ಸೇದಿಕೊಡ್ತೀನಿ."

ಬೇವಿನ ಮರದ ಕೆಳಗೆ ಹುಡುಗರು ಚಪ್ಪಾಳೆ ತಟ್ಟಿದರು. ಗುಂಗುರು ಕೂದಲಿನವನು, "ಆಮೇಲೆ ತಾತ? ಕಲ್ಲಿನ ನಡುವೆ ಯಾರು ಕೂತ್ರು?" ಅಂದ.

"ಇದೊಂದು ಕೇಳುವ ಮಾತೇ? ನಾನೇ!" ಅಂದೆ. "ಹಗೇವಿನ ಕುಡಿಕೆಗಳನ್ನೆಲ್ಲ ಒಂದೇ ದಿನ ಒಡೆಸಿದೆ. ಊರಲ್ಲಿ ಹಬ್ಬವೋ ಜಗಳವೋ ಗೊತ್ತಾಗದಷ್ಟು ಗದ್ದಲ. ಆಮೇಲೆ ಹುಡುಗರು ಏನು ಹೇಳಿದರೂ ಅವತ್ತಿನದು ಅವತ್ತೇ. ಬೆಳಿಗ್ಗೆ ಹೇಳಿದರೆ ಮಧ್ಯಾಹ್ನದೊಳಗೆ. ಕುಂಬಾರರ ಹುಡುಗಿಯನ್ನೇ ಮದುವೆಯಾದೆ. ಮಕ್ಕಳಾದರು, ಮಕ್ಕಳಿಗೆ ಮದುವೆಯಾಯಿತು, ಮೊಮ್ಮಕ್ಕಳಾದರು. ನಾನು ಆ ಕಲ್ಲು ಬಿಟ್ಟು ಒಂದು ಗೇಣು ಕದಲಲಿಲ್ಲ. ಅಂಥ ಸರ್ಕಾರ ಮತ್ತೆ ಹುಟ್ಟಲಿಲ್ಲ, ಹುಟ್ಟುವುದೂ ಇಲ್ಲ."

ಕನ್ನಡಕದ ಹುಡುಗಿ ಕನ್ನಡಕ ತೆಗೆದಳು. ದುಪಟ್ಟದ ಅಂಚಿನಲ್ಲಿ ನಿಧಾನಕ್ಕೆ ಒರೆಸಿದಳು. ಮತ್ತೆ ಹಾಕಿಕೊಂಡು ನನ್ನ ತಲೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿದಳು.

"ತಾತ, ಮೊಮ್ಮಕ್ಕಳಾಗೋವರೆಗೂ ಕೂತಿದ್ರಿ ಅಂದ್ರಲ್ಲ."

"ಕೂತಿದ್ದೆ."

"ನರೆತವರು ಇಳೀಬೇಕು ಅಂತ ಅಲ್ವಾ ಆ ಕುಡಿಕೆ ಹೇಳಿದ್ದು?"

ಗುಂಗುರು ಕೂದಲಿನವನು ಹಲ್ಲು ಕಿರಿದ. ಉಳಿದವರೂ ನನ್ನ ತಲೆಯನ್ನೇ ನೋಡತೊಡಗಿದರು. ಅಷ್ಟು ಹೊತ್ತು ಕಾಯಿಸಿದ ಬಸ್ಸು ಈಗಾದರೂ ಬರಬಾರದೇ ಅಂತ ನಾನು ರಸ್ತೆ ನೋಡಿದೆ. ಬರಲಿಲ್ಲ.

"ನೀವಾಗೇ ಇಳಿದ್ರಾ ತಾತ," ಅಂದಳು, "ಇಲ್ಲಾ ಅವರೇ ಇಳಿಸಿದ್ರಾ?"

"ಕೂತು ಕೂತು ಕಲ್ಲು ಬೆಚ್ಚಗಾಗಿತ್ತು ಕಣವ್ವಾ, ಏಳಲು ಮನಸ್ಸಾಗಲಿಲ್ಲ," ಅಂದು ಹೆಗಲು ಕುಣಿಸಿದೆ.